ಅಕಾಲದ ಚಿಟ್ಟೆಗಳಿಗೊಂದು ಪುಟ್ಟ ದುರ್ಬೀನು

ಚಿಟ್ಟೆ ನೋಡಲೆಂದು ದುರ್ಬೀನು ಕೊಳ್ಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಹೂ ತುಂಬಿದ ಬೇಸಿಗೆಯ ತೋಟವಿರುತ್ತದೆ. ಆರೂವರೆ ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಮಸೂರಗಳು 21 ಮಿಲಿಮೀಟರ್ ಅಗಲವಿರುವ, ಅರ್ಧ ಮೀಟರ್ ದೂರದ ವಸ್ತುವನ್ನೂ ಸ್ಪಷ್ಟವಾಗಿ ಕಾಣಿಸುವ ಈ ಪುಟ್ಟ ದುರ್ಬೀನನ್ನು ನಾನು ಕೊಂಡದ್ದು ಮಾತ್ರ ಚಳಿಗಾಲದ ನಡುವೆ ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ಬೆಚ್ಚನೆಯ ದಿನಗಳಿಗಾಗಿ. ಎರಡು ಚಳಿಗಾಲ ಬಳಸಿದ ಅನುಭವದಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಯುರೋಪಿನ ಪೀಕಾಕ್, ಕಾಮಾ, ಬ್ರಿಮ್‌ಸ್ಟೋನ್, ಸ್ಮಾಲ್ ಟಾರ್ಟಾಯ್ಸ್‌ಶೆಲ್ ಚಿಟ್ಟೆಗಳು ಚಳಿಗಾಲವನ್ನು ಮೊಟ್ಟೆಯಾಗಿಯೋ ಕೋಶವಾಗಿಯೋ ಕಳೆಯದೆ, ರೆಕ್ಕೆ ಬಲಿತ ಚಿಟ್ಟೆಗಳಾಗಿಯೇ ಮರದ ಪೊಟರೆಯಲ್ಲೋ ದಟ್ಟ ಬಳ್ಳಿಯ ಮರೆಯಲ್ಲೋ ನಿದ್ರಿಸಿ ಕಳೆಯುತ್ತವೆ. ರೆಡ್ ಅಡ್ಮಿರಲ್‌ನದು ಅಂಥ ಗಾಢ ನಿದ್ರೆಯೂ ಅಲ್ಲ. ನಾಲ್ಕು ದಿನ ಹವೆ ಹದವಾದರೆ ನಡುಚಳಿಗಾಲದಲ್ಲೂ ಬಿಸಿಲಿಗೆ ಬಂದು ಕೂರುತ್ತದೆ. ಹೀಗೆ ಎದ್ದು ಬಂದ ಚಿಟ್ಟೆಗೆ ಹೂಗಳು ಸಿಗುವುದು ಅಪರೂಪವಾದ್ದರಿಂದ, ಅದು ಬದುಕಬೇಕಾದದ್ದು ಬಹುಪಾಲು ಮೈಯಲ್ಲಿ ಮೊದಲೇ ಕೂಡಿಟ್ಟ ಕೊಬ್ಬಿನ ಮೇಲೆ. ನಾವು ಹತ್ತಿರ ಹೋಗಿ ಹಾರಿಸಿದಷ್ಟೂ ಆ ಗಂಟು ಕರಗುತ್ತದೆ. ಆದಕಾರಣ ಈ ಕಾಲದಲ್ಲಿ ದುರ್ಬೀನನ್ನು ಅಳೆಯಬೇಕಾದದ್ದು ಅದು ಎಷ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದರಿಂದಲ್ಲ, ಚಿಟ್ಟೆಯನ್ನು ಕೂತಲ್ಲಿಂದ ಏಳಿಸದೆ ಎಷ್ಟು ಹೊತ್ತು ನೋಡಗೊಡುತ್ತದೆ ಎಂಬುದರಿಂದ.

ಈ ಪರೀಕ್ಷೆಯಲ್ಲಿ ಇದು ಚೆನ್ನಾಗಿಯೇ ಗೆಲ್ಲುತ್ತದೆ. ಬಿಸಿಲಿಗೆ ಮುಖಮಾಡಿದ ಕಲ್ಲಿನ ಗೋಡೆಯೊಂದರ ಮೇಲೆ ರೆಡ್ ಅಡ್ಮಿರಲ್ ಒಂದು ರೆಕ್ಕೆಗಳನ್ನು ಪೂರ್ತಿ ಬಿಚ್ಚಿ, ಮೈಯನ್ನು ಕಲ್ಲಿಗೆ ಒತ್ತಿಕೊಂಡು ಕೂತಿತ್ತು. ಒಂದೂವರೆ ಮೀಟರ್ ದೂರದಿಂದ ಅದರ ಎದೆಯ ಕಂದು ರೋಮ, ಮುಂಗಾಲುಗಳು ಕುಗ್ಗಿಹೋಗಿ ನಾಲ್ಕೇ ಕಾಲುಗಳ ಮೇಲೆ ನಿಂತ ರೀತಿ, ಸವೆದು ಹರಿದ ಹಿಂರೆಕ್ಕೆಯ ಅಂಚು ಎಲ್ಲವೂ ಕಂಡವು. ಸ್ವಲ್ಪ ಹೊತ್ತಿನಲ್ಲಿ ರೆಕ್ಕೆಗಳು ಸಣ್ಣಗೆ ನಡುಗತೊಡಗಿದವು. ಅದು ಚಳಿಗೆ ಸೋತ ನಡುಕವಲ್ಲ. ಹಾರುವ ಮೊದಲು ಎದೆಯ ಸ್ನಾಯುಗಳು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಬೇಕಾದ್ದರಿಂದ, ಬಿಸಿಲು ಸಾಲದಾಗ ಚಿಟ್ಟೆ ತನ್ನ ಸ್ನಾಯುಗಳನ್ನು ತಾನೇ ಕಾಯಿಸಿಕೊಳ್ಳುವ ಉಪಾಯ. ಬರಿಗಣ್ಣಿಗೆ ಆ ನಡುಕ ಗಾಳಿಯ ಅಲುಗಾಟದಂತೆ ಕಂಡು ಮರೆತುಹೋಗುತ್ತಿತ್ತು.

ಅರ್ಧ ಮೀಟರಿನ ಬಗ್ಗೆ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿದ್ದರೂ ಚಳಿಗಾಲದಲ್ಲಿ ಅದರ ಉಪಯೋಗ ಕಡಿಮೆ. ಸೂರ್ಯ ಕೆಳಗಿರುವ ದಿನಗಳಲ್ಲಿ ನಮ್ಮ ನೆರಳು ಉದ್ದ; ಅಷ್ಟು ಹತ್ತಿರ ಹೋದರೆ ಚಿಟ್ಟೆಯ ಪಾಲಿನ ಬಿಸಿಲನ್ನೇ ಕಸಿದುಕೊಂಡಂತಾಗುತ್ತದೆ. ಒಂದರಿಂದ ಎರಡು ಮೀಟರಿನ ನಡುವೆಯೇ ಇದರ ನಿಜವಾದ ಬೆಲೆ ತಿಳಿಯುವುದು. ಮಸೂರ ಕಿರಿದಾದ್ದರಿಂದ ಬೆಳಕು ಸಾಲದೆಂಬ ಆಕ್ಷೇಪವನ್ನು ಹಲವರು ಎತ್ತುತ್ತಾರೆ. 21ನ್ನು ಆರೂವರೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸುಮಾರು 3.2 ಮಿಲಿಮೀಟರ್, ಒಳ್ಳೆಯ ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ ಅದಕ್ಕಿಂತ ಹೆಚ್ಚು ಅಗಲವಾಗುವುದೇ ಇಲ್ಲ. ಬಿಸಿಲು ಮರೆಯಾದಾಗ ಚಿತ್ರ ಮಂಕಾಗುವುದು ನಿಜ, ಆದರೆ ಆ ಹೊತ್ತಿಗೆ ಚಿಟ್ಟೆಯೂ ಮರೆ ಸೇರಿರುತ್ತದೆ.

ನನ್ನ ತಕರಾರು ಬೇರೆ. ದೂರದಿಂದ ಹತ್ತಿರಕ್ಕೆ ಸ್ಪಷ್ಟತೆ ತರುವ ತಿರುಗಣೆಯನ್ನು ಹಲವು ಸುತ್ತು ತಿರುಗಿಸಬೇಕು; ಕೈಗವಸು ತೊಟ್ಟ ಬೆರಳಿಗೆ ಅದು ಜಾರುತ್ತದೆ. ಮೊದಲ ವಾರದಲ್ಲಿ ಬ್ರಿಮ್‌ಸ್ಟೋನ್ ಒಂದನ್ನು ಹೀಗೆಯೇ ಕಳೆದುಕೊಂಡೆ. ಈಗ ನಡೆಯುವಾಗಲೇ ತಿರುಗಣೆಯನ್ನು ಎರಡು ಮೀಟರಿಗೆ ಹೊಂದಿಸಿಟ್ಟಿರುತ್ತೇನೆ. ಒಳಗೆ ತೇವ ಸೇರದಂತೆ ಇದಕ್ಕೆ ಯಾವ ರಕ್ಷಣೆಯೂ ಇಲ್ಲ. ತಣ್ಣನೆಯ ಬೆಳಗಿನಲ್ಲಿ ಉಸಿರು ತಾಗಿ ಕಣ್ಣಿನ ಕಡೆಯ ಗಾಜು ಮಬ್ಬಾಗುವುದನ್ನು ಒರೆಸಿ ಸರಿಮಾಡಬಹುದು, ಆದರೆ ಒಮ್ಮೆ ತುಂತುರಿನಲ್ಲಿ ನೆನೆದಾಗ ಒಳಗಿನ ಮಂಜು ಆರಲು ಎರಡು ದಿನ ಬೇಕಾಯಿತು. ಆ ಎರಡೂ ದಿನ ಹೊರಗೆ ಚೊಕ್ಕ ಬಿಸಿಲಿತ್ತು.

ಎರಡು ಮೀಟರಿಗೆ ಸ್ಪಷ್ಟವಾಗುವ 8x42 ಅಳತೆಯ (ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ) ದುರ್ಬೀನು ಈಗಾಗಲೇ ಕೈಯಲ್ಲಿದ್ದವರು ಇದಕ್ಕೆ ಹಣ ಸುರಿಯಬೇಕಾಗಿಲ್ಲ. ಹಕ್ಕಿ ನೋಡುವ ಹಳೆಯ ದುರ್ಬೀನು ಮೂರು ಮೀಟರಿಗಿಂತ ಹತ್ತಿರ ಬಂದೊಡನೆ ಮಸುಕಾಗುತ್ತದೆಂದು ಬೇಸತ್ತವರು ಧಾರಾಳವಾಗಿ ಕೊಳ್ಳಬಹುದು. ಕನ್ನಡಕ ಧರಿಸುವವರು ಮಾತ್ರ ಅಂಗಡಿಯಲ್ಲೇ ಒಮ್ಮೆ ಕಣ್ಣಿಗಿಟ್ಟು, ಚಿತ್ರದ ಅಂಚಿನವರೆಗೂ ಕಾಣುತ್ತದೆಯೇ ಎಂದು ನೋಡಿಕೊಳ್ಳಲಿ.