ದೇವದೂತ, ತೋಳ, ಮಾಟದ ಹುಡುಗಿ: ಮೂರರಲ್ಲಿ ‘ಫಾಲನ್’ ಯಾಕೆ ಸೋತಿತು

2005ರಲ್ಲಿ ‘ಟ್ವೈಲೈಟ್’ ಎಂಬ ರಕ್ತಪಿಶಾಚಿಯ ಪ್ರೇಮಕಥೆ ಗೆದ್ದ ಮೇಲೆ ಹದಿಹರೆಯದವರಿಗಾಗಿ ಬರೆದ ಅತಿಮಾನುಷ ಪ್ರೇಮಕಥೆಗಳು ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಬಂದವು. 2009ರಲ್ಲಿ ಬಂದ ಮೂರನ್ನು ನಾನು ಒಂದಾದ ಮೇಲೊಂದು ಓದಿದೆ. ಲಾರೆನ್ ಕೇಟ್ ಬರೆದ ‘ಫಾಲನ್’, ಮ್ಯಾಗಿ ಸ್ಟೀಫ್‌ವಾಟರ್ ಬರೆದ ‘ಶಿವರ್’, ಕಾಮಿ ಗಾರ್ಸಿಯಾ ಮತ್ತು ಮಾರ್ಗರೆಟ್ ಸ್ಟೋಲ್ ಸೇರಿ ಬರೆದ ‘ಬ್ಯೂಟಿಫುಲ್ ಕ್ರೀಚರ್ಸ್’. ಜಾಸ್ತಿ ಆಸೆ ಇಟ್ಟುಕೊಂಡದ್ದು ‘ಫಾಲನ್’ ಮೇಲೆ. ಜಾಸ್ತಿ ಬೇಜಾರು ಮಾಡಿದ್ದೂ ಅದೇ. ಮೂರೂ ಕಥೆಗಳ ಗುಟ್ಟನ್ನು ಇಲ್ಲಿ ಹೇಳಿಬಿಡುತ್ತೇನೆ, ಅದಿಲ್ಲದೆ ಹೋಲಿಸಲು ಆಗುವುದಿಲ್ಲ.

‘ಫಾಲನ್’ ಶುರುವಾಗುವ ರೀತಿ ಚೆನ್ನಾಗಿದೆ. ಹದಿನೇಳರ ಲೂಸ್ ಎಂಬ ಹುಡುಗಿಯನ್ನು ಅಮೆರಿಕದ ಜಾರ್ಜಿಯಾದಲ್ಲಿ, ಸವಾನಾ ಕಡೆಯ ಒಂದು ಶಾಲೆಗೆ ಕಳಿಸುತ್ತಾರೆ. ದಾರಿ ತಪ್ಪಿದ ಮಕ್ಕಳನ್ನು ತಿದ್ದುವ ಶಾಲೆ ಅದು. ಅವಳ ಜೊತೆಗಿದ್ದ ಹುಡುಗನೊಬ್ಬ ಬೆಂಕಿಯಲ್ಲಿ ಸತ್ತಿದ್ದಾನೆ. ಹೇಗೆ ಸತ್ತ ಅಂತ ಅವಳಿಗೇ ಗೊತ್ತಿಲ್ಲ. ಚಿಕ್ಕಂದಿನಿಂದಲೂ ಅವಳಿಗೆ ಕಪ್ಪು ನೆರಳುಗಳು ಕಾಣುತ್ತವೆ. ಶಾಲೆಯಲ್ಲಿ ಮೊಬೈಲ್ ಕಿತ್ತುಕೊಳ್ಳುತ್ತಾರೆ, ಎಲ್ಲ ಕಡೆ ಕ್ಯಾಮೆರಾ, ಆವರಣದಲ್ಲೇ ಹಳೆಯ ಸ್ಮಶಾನ. ಇಷ್ಟು ಓದುವಾಗ ನಾನು ಪುಸ್ತಕ ಕೆಳಗಿಡಲಿಲ್ಲ.

ಆಮೇಲೆ ಡೇನಿಯಲ್ ಬರುತ್ತಾನೆ. ಲೂಸ್‌ಳನ್ನು ನೋಡಿ ಮೊದಲು ನಗುತ್ತಾನೆ, ಮರುಕ್ಷಣ ಮಧ್ಯದ ಬೆರಳು ತೋರಿಸುತ್ತಾನೆ. ಅಲ್ಲಿಂದ ಮುಂದೆ ಪುಟಗಟ್ಟಲೆ ಇದೇ ಆಟ. ಅವನು ಹತ್ತಿರ ಬರುತ್ತಾನೆ, ದೂರ ತಳ್ಳುತ್ತಾನೆ. ಅವಳು ಅವನ ಹಿಂದೆಯೇ ಸುತ್ತುತ್ತಾಳೆ, ಗೆಳತಿ ಪೆನ್ ಜೊತೆ ಸೇರಿ ಶಾಲೆಯ ದಾಖಲೆಗಳಲ್ಲಿ ಅವನ ಫೈಲ್ ಕೂಡ ಹುಡುಕುತ್ತಾಳೆ. ಇಷ್ಟಾದರೂ ಅವರಿಬ್ಬರು ಮನಸ್ಸು ಬಿಚ್ಚಿ ಮಾತಾಡಿದ್ದು ಬಹಳ ಕಡಿಮೆ. ಅವನಿಗೆ ಏನು ಇಷ್ಟ, ಅವಳ ಯಾವ ಗುಣ ಅವನಿಗೆ ಹಿಡಿಸಿತು, ಇಂಥ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಸಿಗಲಿಲ್ಲ.

ಉತ್ತರವಾಗಿ ಸಿಗುವುದು ಹಿಂದಿನ ಜನ್ಮ. ಡೇನಿಯಲ್ ಸ್ವರ್ಗದಿಂದ ಬಿದ್ದ ದೇವದೂತ. ಲೂಸ್ ಮತ್ತೆ ಮತ್ತೆ ಹುಟ್ಟುತ್ತಾಳೆ, ಹದಿನೇಳರ ವಯಸ್ಸಿಗೆ ಅವನನ್ನು ಪ್ರೀತಿಸಿ ಸಾಯುತ್ತಾಳೆ. 1854ರ ಇಂಗ್ಲೆಂಡಿನಲ್ಲಿ ನಡೆಯುವ ಮುನ್ನುಡಿಯಲ್ಲೇ ಇದರ ಸುಳಿವಿದೆ. ಓದುಗರಿಗೆ ಅಲ್ಲೇ ಅರ್ಧ ತಿಳಿದುಹೋಗುತ್ತದೆ, ಲೂಸ್‌ಗೆ ಮಾತ್ರ ಪುಸ್ತಕದ ಕೊನೆಯ ಭಾಗದವರೆಗೂ ತಿಳಿಯುವುದಿಲ್ಲ. ನನಗೆ ಗೊತ್ತಿರುವುದನ್ನು ಅವಳು ಯಾವಾಗ ತಿಳಿದುಕೊಳ್ಳುತ್ತಾಳೋ ಅಂತ ಕಾಯುತ್ತಾ ಕೂರಬೇಕಾಯಿತು. ನಡುವಿನ ಅಧ್ಯಾಯಗಳು ಅಷ್ಟೊಂದು ಎಳೆದಂತೆ ಅನಿಸಿದ್ದು ಇದಕ್ಕೇ.

ಜನ್ಮಾಂತರದ ಪ್ರೀತಿ ನಮಗೇನು ಹೊಸದಲ್ಲ. ನಾಗವರ್ಮನ ‘ಕರ್ಣಾಟಕ ಕಾದಂಬರಿ’ ಇರುವುದೇ ಅದರ ಮೇಲೆ. ಮಹಾಶ್ವೇತೆಯ ಪ್ರಿಯ ಪುಂಡರೀಕ ಸತ್ತು ವೈಶಂಪಾಯನನಾಗಿ ಹುಟ್ಟುತ್ತಾನೆ. ಅಚ್ಛೋದ ಸರೋವರದ ಬಳಿ ತಪಸ್ಸಿಗೆ ಕೂತ ಅವಳ ಹತ್ತಿರ ಬಂದು ಪ್ರೀತಿಸು ಅಂತ ಕಾಡುತ್ತಾನೆ. ಇವನೇ ಅವನು ಅಂತ ಅವಳಿಗೆ ಗೊತ್ತಿಲ್ಲ. ಗಿಳಿಯಾಗಿ ಹುಟ್ಟು ಅಂತ ಶಪಿಸುತ್ತಾಳೆ! ಹಿಂದಿನ ಜನ್ಮದ ನಂಟು ಎಷ್ಟೇ ದೊಡ್ಡದಿರಲಿ, ಈ ಜನ್ಮದಲ್ಲಿ ಎದುರು ನಿಂತವನ ನಡತೆ ಸರಿಯಿಲ್ಲದಿದ್ದರೆ ಅವಳು ಸಹಿಸುವುದಿಲ್ಲ. ಸಾವಿರ ವರ್ಷದ ಹಿಂದಿನ ಕಾವ್ಯದ ಹೆಣ್ಣಿಗೆ ಇರುವ ಈ ಗಟ್ಟಿತನದಲ್ಲಿ ಸ್ವಲ್ಪವಾದರೂ ಲೂಸ್‌ಗೆ ಬೇಕಿತ್ತು ಅಲ್ವಾ? ಹದಿನಾಲ್ಕು ಹದಿನೈದರ ಹುಡುಗಿಯರು ಓದುವ ಪುಸ್ತಕವಿದು. ಹುಡುಗ ಅವಮಾನ ಮಾಡಿದರೆ ಅದರ ಹಿಂದೆ ಯಾವುದೋ ಆಳವಾದ ಪ್ರೀತಿ ಇರುತ್ತದೆ ಅಂತ ಅವರಿಗೆ ಹೇಳುವುದು ನನಗೆ ಖಂಡಿತ ಒಪ್ಪಿಗೆಯಿಲ್ಲ.

‘ಶಿವರ್’ ಇದಕ್ಕೆ ಪೂರ್ತಿ ಉಲ್ಟಾ. ಮಿನೆಸೋಟಾದ ಮರ್ಸಿ ಫಾಲ್ಸ್ ಎಂಬ ಊರು. ಸ್ಯಾಮ್ ಬೇಸಿಗೆಯಲ್ಲಿ ಮನುಷ್ಯ, ಚಳಿ ಬಿದ್ದರೆ ತೋಳ. ವರ್ಷದಿಂದ ವರ್ಷಕ್ಕೆ ಮನುಷ್ಯನಾಗಿರುವ ಕಾಲ ಕಡಿಮೆಯಾಗುತ್ತಾ ಬರುತ್ತದೆ. ಇದೇ ತನ್ನ ಕೊನೆಯ ಸರದಿ ಅಂತ ಅವನಿಗೆ ಗೊತ್ತು. ಅವನನ್ನು ಪ್ರೀತಿಸುವ ಹುಡುಗಿ ಗ್ರೇಸ್‌ಗೂ ಬೇಗನೆ ಗೊತ್ತಾಗುತ್ತದೆ. ಸ್ಟೀಫ್‌ವಾಟರ್ ಪ್ರತಿ ಅಧ್ಯಾಯದ ತಲೆಯ ಮೇಲೆ ಆ ಹೊತ್ತಿನ ತಾಪಮಾನ ಹಾಕಿದ್ದಾರೆ. ಅಷ್ಟೇ ಸಾಕು. ಅಧ್ಯಾಯ ತೆರೆದ ಕೂಡಲೇ ಕಣ್ಣು ಆ ಅಂಕಿಯ ಮೇಲೆ ಹೋಗುತ್ತಿತ್ತು, ಇಳಿದಿದ್ದರೆ ಹೊಟ್ಟೆಯೊಳಗೆ ಭಯ. ಗುಟ್ಟು ಮುಚ್ಚಿಡದೆ, ಏನು ಕಳೆದುಹೋಗಬಹುದು ಅಂತ ಮೊದಲೇ ಹೇಳಿದ್ದರಿಂದ ಅವರು ಜೊತೆಗಿದ್ದ ಸಾಮಾನ್ಯ ಗಳಿಗೆಗೂ ತೂಕ ಬಂತು. ಅಡುಗೆ, ಪುಸ್ತಕದಂಗಡಿ, ಹೀಟರ್ ಹಾಕಿದ ಕಾರು, ಎಲ್ಲಕ್ಕೂ.

ಇನ್ನೊಂದು ಅನುಕೂಲ, ಇಬ್ಬರೂ ಸರದಿಯಲ್ಲಿ ಕಥೆ ಹೇಳುತ್ತಾರೆ. ಸ್ಯಾಮ್ ಮನಸ್ಸಲ್ಲಿ ಏನಿದೆ ಅಂತ ಊಹಿಸಬೇಕಿಲ್ಲ. ಕವಿತೆ ಓದುವ, ಹಾಡು ಕಟ್ಟುವ, ತನ್ನನ್ನು ಕೊಲ್ಲಲು ನೋಡಿದ ಹೆತ್ತವರ ನೆನಪಿನಿಂದ ಹೊರಬರದ ಹುಡುಗ ಅವನು. ಗ್ರೇಸ್‌ಳನ್ನು ಒಮ್ಮೆಯೂ ಕೀಳಾಗಿ ನಡೆಸಿಕೊಳ್ಳುವುದಿಲ್ಲ. ಕೊರತೆಯೂ ಇದೆ. ರೋಗದ ರಕ್ತ ಕೊಟ್ಟು, ಜ್ವರ ಬರಿಸಿ ತೋಳತನ ಓಡಿಸುವ ಚಿಕಿತ್ಸೆ ನಂಬಲು ಕಷ್ಟ. ಗ್ರೇಸ್‌ಳ ಅಪ್ಪ ಅಮ್ಮ ಮನೆಯಲ್ಲಿದ್ದೂ ಇಲ್ಲದಂತಿರುವುದು ಕಥೆಗೆ ತೀರಾ ಅನುಕೂಲವಾಗಿಬಿಟ್ಟಿದೆ.

‘ಬ್ಯೂಟಿಫುಲ್ ಕ್ರೀಚರ್ಸ್’ ಮೂರರಲ್ಲಿ ದಪ್ಪ, 500 ಪುಟ ದಾಟುತ್ತದೆ. 100 ಪುಟ ಕತ್ತರಿಸಿದ್ದರೂ ನಷ್ಟವಿರಲಿಲ್ಲ. ಆದರೆ ಇಲ್ಲಿ ಒಂದು ಊರು ಇದೆ. ದಕ್ಷಿಣ ಕೆರೊಲಿನಾದ ಗ್ಯಾಟ್ಲಿನ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಇನ್ನೂ ಮುಗಿದಿಲ್ಲವೇನೋ ಎಂಬಂತೆ ಜನ ಬದುಕುತ್ತಾರೆ, ಹಳೆಯ ಕಾಳಗವನ್ನು ವೇಷ ಕಟ್ಟಿ ಮತ್ತೆ ಆಡುತ್ತಾರೆ. ಕಥೆ ಹೇಳುವವನು ಹುಡುಗ, ಈಥನ್. ಮಾಟದ ಶಕ್ತಿ ಇರುವುದು ಹುಡುಗಿ ಲೀನಾಳ ಕೈಯಲ್ಲಿ. ಹದಿನಾರು ತುಂಬಿದ ದಿನ ಅವಳು ಬೆಳಕಿನ ಕಡೆಯೋ ಕತ್ತಲಿನ ಕಡೆಯೋ ತೀರ್ಮಾನವಾಗಬೇಕು. ಹೊಸಬಳೆಂದು ಊರೇ ಅವಳನ್ನು ದೂರ ಇಟ್ಟಾಗ ಈಥನ್ ಅವಳ ಪಕ್ಕ ನಿಲ್ಲುತ್ತಾನೆ. ಅವನನ್ನು ಸಾಕಿದ ಅಮ್ಮಾ ಎಂಬ ಹೆಂಗಸಂತೂ ನನಗೆ ಪ್ರೇಮಿಗಳಿಗಿಂತ ಹೆಚ್ಚು ಇಷ್ಟವಾದಳು. ಪೆನ್ಸಿಲ್ ಹಿಡಿದು ಪದಬಂಧ ಬಿಡಿಸುತ್ತಾ, ಅಡುಗೆಮನೆಯಿಂದಲೇ ಮಾಟವನ್ನು ಎದುರಿಸುವವಳು.

‘ಫಾಲನ್’ನಲ್ಲೂ ಇಂಥ ಒಬ್ಬಳು ಇದ್ದಳು, ಪೆನ್. ಆ ಶಾಲೆಯಲ್ಲೇ ಬೆಳೆದ, ಬುದ್ಧಿವಂತ, ಲೂಸ್‌ಳನ್ನು ನಿಜವಾಗಿ ಪ್ರೀತಿಸಿದ ಗೆಳತಿ. ಕೊನೆಯಲ್ಲಿ ಅವಳನ್ನು ಕೊಲ್ಲುತ್ತಾರೆ. ಅವಳಿಗಾಗಿ ಅಳಲು ಪುಸ್ತಕ ಪುರುಸೊತ್ತು ಕೊಡುವುದಿಲ್ಲ, ಲೂಸ್‌ಳನ್ನು ವಿಮಾನ ಹತ್ತಿಸಿ ಮುಂದಿನ ಭಾಗಕ್ಕೆ ಕಳಿಸಿಬಿಡುತ್ತದೆ. ನನಗೆ ಅತ್ಯಂತ ಕೋಪ ಬಂದದ್ದು ಇಲ್ಲಿ. ‘ಟಾರ್ಮೆಂಟ್’ ಎಂಬ ಎರಡನೆಯ ಭಾಗ 2010ರಲ್ಲಿ ಬಂದಿದೆ. ಅದನ್ನು ಓದುವ ಮನಸ್ಸು ನನಗಿಲ್ಲ.

ನಿಮ್ಮ ಮನೆಯ ಮಕ್ಕಳು ಈ ಬಗೆಯ ಪುಸ್ತಕ ಕೇಳಿದರೆ ಮೊದಲು ‘ಶಿವರ್’ ಕೊಡಿ. ಸ್ಯಾಮ್‌ನ ಬಾಲ್ಯದ ಭಾಗ ಕಠಿಣವಾಗಿದೆ, ಅದನ್ನು ಮುಂಚೆ ಹೇಳಿಡಿ. ಅದಕ್ಕೂ ‘ಲಿಂಗರ್’, ‘ಫಾರೆವರ್’ ಎಂಬ ಮುಂದಿನ ಭಾಗಗಳಿವೆ. ಆದರೆ ಮೊದಲನೆಯದಕ್ಕೇ ನಿಲ್ಲಿಸಿದರೂ ಕಥೆ ಅರ್ಧಕ್ಕೆ ಬಿಟ್ಟ ಹಾಗೆ ಅನಿಸುವುದಿಲ್ಲ. ದೊಡ್ಡ ರಜೆಯಿದ್ದು, ನಿಧಾನವಾಗಿ ಓದುವ ಅಭ್ಯಾಸವಿರುವವರಿಗೆ ‘ಬ್ಯೂಟಿಫುಲ್ ಕ್ರೀಚರ್ಸ್’ ಸರಿಹೋಗುತ್ತದೆ.