ಹಳೇ ವ್ಯಾಗನ್ ಆರೋ, ಹಳೇ ಐ10ಓ: ದಾವಣಗೆರೆ ಓಡಾಟದ ಲೆಕ್ಕ

ದಿನಕ್ಕೆ ಹತ್ತು-ಹನ್ನೆರಡು ಕಿಲೋಮೀಟರ್ ಊರೊಳಗೆ, ವಾರಕ್ಕೊಮ್ಮೆ ಚಿತ್ರದುರ್ಗಕ್ಕೆ ಹೋಗಿ ಬರುವುದು, ಕೈಯಲ್ಲಿ ಎರಡು ಲಕ್ಷದ ಆಸುಪಾಸು. ಈ ಲೆಕ್ಕ ಇಟ್ಟುಕೊಂಡು ಎರಡೂ ಗಾಡಿ ಓಡಿಸಿ ನೋಡಿದರೆ ನನ್ನ ಓಟು ಕೆ-ಸೀರೀಸ್ ಎಂಜಿನ್ನಿನ ವ್ಯಾಗನ್ ಆರ್‌ಗೆ. ಐ10 ಕೈಗೆ ಹೆಚ್ಚು ಹಿತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೇ ಗಾಡಿ ಕೊಳ್ಳುವಾಗ ಹಿತಕ್ಕಿಂತ ಮೊದಲು ಕೇಳಬೇಕಾದದ್ದು, ಎಂಜಿನ್ನಿಗಿರುವುದು ಟೈಮಿಂಗ್ ಬೆಲ್ಟೋ, ಚೈನೋ (ಪಿಸ್ಟನ್ ಓಟಕ್ಕೆ ಸರಿಯಾಗಿ ವಾಲ್ವ್ ತೆರೆದು ಮುಚ್ಚಿಸುವುದು ಇದೇ) ಅಂತ.

ಬಾನೆಟ್ ಎತ್ತುವುದೂ ಬೇಡ, ಆರ್‌ಸಿ ನೋಡಿದರೆ ಸಾಕು. ವ್ಯಾಗನ್ ಆರ್‌ನಲ್ಲಿ 998 ಸಿಸಿ ಅಂತಿದ್ದರೆ ಅದು 2010ರಲ್ಲಿ ಬಂದ ಮೂರು ಸಿಲಿಂಡರ್ ಕೆ-ಸೀರೀಸ್ ಎಂಜಿನ್, ಚೈನ್. 1061 ಅಂತಿದ್ದರೆ ಅದಕ್ಕೂ ಹಿಂದಿನದು, ಬೆಲ್ಟ್. ಐ10ನಲ್ಲಿ 1086 ಅಂದರೆ ಬೆಲ್ಟ್, 1197 ಅಂದರೆ ಕಪ್ಪಾ ಎಂಜಿನ್, ಚೈನ್.

ಬೆಲ್ಟ್ ರಬ್ಬರಿನದು. ಗಾಡಿ ಓಡದೆ ಶೆಡ್ಡಿನಲ್ಲೇ ನಿಂತಿದ್ದರೂ ವರ್ಷ ಕಳೆದಂತೆ ಬಿರುಕು ಬಿಡುತ್ತದೆ. ಓಡುವಾಗ ಕಿತ್ತರೆ ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವ್ ಬಾಗುವ ಅಪಾಯವಿದೆ, ಬಾಗಿದರೆ ಹೆಡ್ ಬಿಚ್ಚದೆ ಬೇರೆ ದಾರಿ ಇಲ್ಲ. "ಹೊಸ ಬೆಲ್ಟ್ ಹಾಕಿಸಿದೀವಿ" ಅನ್ನುವ ಮಾರುವವರ ಮಾತನ್ನು ನಂಬಬೇಡಿ, ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಶನರ್, ಆಯಿಲ್ ಸೀಲುಗಳ ಖರ್ಚನ್ನು ರೇಟಿನಲ್ಲೇ ಮುರಿಸಿಕೊಳ್ಳಿ. ಚೈನ್ ಇದ್ದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆ ಅಂತಲ್ಲ. ಅದರ ಟೆನ್ಶನರ್ ಆಯಿಲ್ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಆಯಿಲ್ ಬದಲಿಸದೆ ಓಡಿಸಿದ ಗಾಡಿಯಲ್ಲಿ ಚೈನ್ ಸಡಿಲವಾಗುತ್ತದೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿಸಿ, ಮೊದಲ ಕೆಲವು ಸೆಕೆಂಡ್ ಗರಗರ ಸದ್ದು ಬಂದರೆ ಆ ಗಾಡಿ ಬೇಡ. ನೀವು ಹೋಗುವಷ್ಟರಲ್ಲಿ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುತ್ತೇನೆ ಅನ್ನಿ.

ಇನ್ನು ಐ10ನ ಸ್ಟೇರಿಂಗ್. ಇದರ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ದುಡ್ಡು ಸುಮ್ಮನೆ ಪೋಲಾಗುವುದು ಇಲ್ಲೇ. ಹಳೇ ಐ10ನಲ್ಲಿ ಗುಂಡಿ ರಸ್ತೆಗೆ ಇಳಿದರೆ, ಪಾರ್ಕಿಂಗ್‌ನಲ್ಲಿ ತಿರುಗಿಸಿದರೆ ಟಕ್ ಟಕ್ ಅಂತ ಸದ್ದು ಬರುವುದುಂಟು. ಗ್ಯಾರೇಜಿನವರು ಮೊದಲು ಸಸ್ಪೆನ್ಷನ್ನಿನ ಲಿಂಕ್ ರಾಡ್ ಹೊಸದು ಹಾಕುತ್ತಾರೆ, ಸದ್ದು ಹೋಗುವುದಿಲ್ಲ. ಆಮೇಲೆ ಚಕ್ರ ತಿರುಗಿಸುವ ಟೈ ರಾಡ್, ಆಗಲೂ ಹೋಗುವುದಿಲ್ಲ. ಕೊನೆಗೆ ರ‍್ಯಾಕ್ ಹೋಗಿದೆ, ಇಲ್ಲವೇ ಪೂರ್ತಿ ಕಾಲಮ್ಮೇ (ಸ್ಟೇರಿಂಗ್ ವೀಲಿನಿಂದ ಕೆಳಗಿಳಿಯುವ ದಂಡ) ಬದಲಿಸಬೇಕು ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಬಹಳಷ್ಟು ಸಲ ಹೋಗಿರುವುದು ನಾಣ್ಯದಷ್ಟಗಲದ, ನಕ್ಷತ್ರದ ಆಕಾರದ ಒಂದು ರಬ್ಬರ್ ಕಪ್ಲರ್. ಪವರ್ ಸ್ಟೇರಿಂಗಿನ ಮೋಟಾರ್ ಕಾಲಮ್ಮಿಗೇ ಕೂತಿದೆ, ಅದರ ಮತ್ತು ವರ್ಮ್ ಗೇರಿನ ನಡುವೆ ಈ ರಬ್ಬರ್. ಇದು ಸವೆದು ಪುಡಿಯಾದಾಗ ಲೋಹಕ್ಕೆ ಲೋಹ ತಾಗುತ್ತದೆ. ಪರೀಕ್ಷೆ ಸುಲಭ: ಎಂಜಿನ್ ಚಾಲೂ ಇಟ್ಟು, ಗಾಡಿ ನಿಂತಲ್ಲೇ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಎರಡೆರಡು ಬೆರಳಷ್ಟೇ ಬೇಗ ಬೇಗ ಅಲ್ಲಾಡಿಸಲು ಒಬ್ಬರಿಗೆ ಹೇಳಿ, ನೀವು ಡ್ಯಾಶ್‌ಬೋರ್ಡಿನ ಕೆಳಗೆ ಕಾಲಮ್ಮಿನ ಮೇಲೆ ಅಂಗೈ ಇಡಿ. ಬಡಿತ ಕೈಗೇ ತಾಗಿದರೆ ಕಪ್ಲರ್. ಕೈಗೆ ಏನೂ ತಾಗದೆ, ಸದ್ದು ಚಕ್ರದ ಕಡೆಯಿಂದ ಬಂದರೆ ಮಾತ್ರ ಲಿಂಕ್ ರಾಡ್, ಸ್ಟ್ರಟ್ ಮೌಂಟ್ ಕಡೆ ನೋಡಿ.

ರಬ್ಬರಿನ ಬೆಲೆ ಕೆಲವು ನೂರು ರೂಪಾಯಿ, ಹೆಚ್ಚು ಹಿಡಿಯುವುದು ಕೂಲಿ. ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಬಿಡಬೇಕು. ಚಕ್ರ ನೇರ ಮಾಡಿ ಸ್ಟೇರಿಂಗ್ ತಿರುಗದಂತೆ ಕಟ್ಟಬೇಕು. ಹಾಗೆ ಕಟ್ಟದಿದ್ದರೆ ಕಾಲಮ್ ಬಿಚ್ಚಿದಾಗ ವೀಲ್ ಸುತ್ತಿಬಿಡುತ್ತದೆ, ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದರ ಒಳಗಿನ ಸುರುಳಿ ತಂತಿ ಹರಿಯುತ್ತದೆ. ಕೆಳಗಿನ ಜಾಯಿಂಟಿಗೆ ಪೇಂಟ್ ಗುರುತು ಹಾಕಿ, ಕಾಲಮ್ ಇಳಿಸಿ, ಮೋಟಾರಿನ ಬೋಲ್ಟ್ ಬಿಚ್ಚಿ, ಹಳೇ ಪುಡಿ ಒರೆಸಿ ಹೊಸದು ಕೂರಿಸುವುದು. ಗುರುತು ಹಾಕದೆ ಜೋಡಿಸಿದರೆ ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ. ಈ ಕೆಲಸ ಮಾಡಿದ ಅನುಭವ ಇರುವವರ ಕೈಗೇ ಕೊಡಿ.

ವ್ಯಾಗನ್ ಆರ್‌ನಲ್ಲೂ ದೋಷ ಇದೆ. ಮೂರು ಸಿಲಿಂಡರ್ ಆದ್ದರಿಂದ ಐಡ್ಲಿಂಗ್‌ನಲ್ಲಿ ನಡುಕ ಸಹಜ, ಆದರೆ ಎಸಿ ಹಾಕಿದಾಗ ಸೀಟೇ ಅದುರಿದರೆ ಎಂಜಿನ್ ಮೌಂಟಿಂಗ್ ಕುಸಿದಿದೆ, ಇಲ್ಲವೇ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿದೆ. ಮುಂದಿನ ಚಕ್ರ ಹಿಡಿಯುವ ಲೋಯರ್ ಆರ್ಮಿನ ರಬ್ಬರ್ ಬುಷ್ ಸವೆಯುತ್ತದೆ. ಕ್ಲಚ್ ಪೆಡಲ್ ಕಲ್ಲಿನಂತಿದ್ದರೆ ಕೇಬಲ್ ಜೊತೆಗೆ ಪ್ಲೇಟನ್ನೂ ಅನುಮಾನಿಸಿ, ಬೆಂಗಳೂರು ಟ್ರಾಫಿಕ್ಕಿನಲ್ಲಿ ತೆವಳಿ ಬಂದ ಗಾಡಿಯಾದರೆ ಇನ್ನೂ ಹೆಚ್ಚು. ಗಾಳಿಗಾಲದಲ್ಲಿ ಚಿತ್ರದುರ್ಗದ ಗಾಳಿಯಂತ್ರದ ಫ್ಯಾನುಗಳ ಗುಡ್ಡ ಕಾಣುವ ಹೊತ್ತಿಗೆ ಹೈವೇ ಮೇಲೆ ಈ ಎತ್ತರದ ಹಗುರ ಗಾಡಿಯನ್ನು ಅಡ್ಡಗಾಳಿ ತಳ್ಳುತ್ತದೆ. 80 ದಾಟಿಸದೆ ಓಡಿಸುವವರಿಗೆ ತೊಂದರೆಯಿಲ್ಲ.

ಎಸಿ: ಏಪ್ರಿಲ್ ಬಿಸಿಲಿಗೆ ಐ10 ಮೇಲು. ಹಿರಿಯರು ಹತ್ತಿ ಇಳಿಯಲು ವ್ಯಾಗನ್ ಆರ್.

ಎರಡಕ್ಕೂ ನಮ್ಮ ಕಡೆ ಬೇಕಾದ ಒಂದು ತಪಾಸಣೆ ರೇಡಿಯೇಟರ್. ಬೋರ್‌ವೆಲ್ ನೀರು ಸುರಿದು ಓಡಿಸಿರುವ ಗಾಡಿಗಳು ಸಾಕಷ್ಟಿವೆ. ಆ ಗಡಸು ನೀರು ಕಾದಾಗ, ಸ್ನಾನದ ಹಂಡೆಯೊಳಗೆ ಕಟ್ಟುವ ಹಾಗೆ, ಒಳಗೆ ಬಿಳಿ ಸುಣ್ಣ ಕಟ್ಟುತ್ತದೆ. ಕೊಳವೆಗಳು ಮುಚ್ಚಿ, ಎಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆ ಕ್ಯಾಪ್ ತೆಗೆಯಿರಿ. ಹಸಿರು ಅಥವಾ ಕೆಂಪು ಕೂಲಂಟ್ ಬದಲು ಕಂದು ನೀರು, ಬಾಯಿಯ ಸುತ್ತ ಬಿಳಿ ಪುಡಿ ಕಂಡರೆ ಯಾವ ಕಂಪನಿಯ ಗಾಡಿಯಾದರೂ ವಾಪಸ್ ಬನ್ನಿ.

ಆರ್‌ಸಿಯ ತಾರೀಕನ್ನೂ ನೋಡಿ. 15 ವರ್ಷ ತುಂಬಿದ ಮೇಲೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್) ಮಾಡಿಸಿ, ಹಸಿರು ತೆರಿಗೆ ಕಟ್ಟಿ ನವೀಕರಿಸಿದರೆ ಸಿಗುವುದು 5 ವರ್ಷ. 2010-11ರ ಗಾಡಿ ಅಗ್ಗಕ್ಕೆ ಬರುತ್ತಿರುವುದು ಇದಕ್ಕೇ. ಇನ್ನೂ ನಲವತ್ತು-ಐವತ್ತು ಸಾವಿರ ಹೊಂದಿಸಬಲ್ಲವರಿಗೆ, ಹೈವೇ ಓಡಾಟವೇ ಹೆಚ್ಚಿದ್ದರೆ, ಸ್ಟೇರಿಂಗ್ ಪರೀಕ್ಷೆ ಪಾಸಾದ 1197 ಸಿಸಿ ಐ10 ತಗೊಳ್ಳಿ ಅನ್ನುತ್ತೇನೆ. 1086ರ ಬೆಲ್ಟ್ ಗಾಡಿಯನ್ನು ಬಿಲ್ ಇಲ್ಲದೆ ಮುಟ್ಟಬೇಡಿ. ನನ್ನ ಬಜೆಟ್ಟಿಗೂ ಓಡಾಟಕ್ಕೂ ಸರಿಹೊಂದುವುದು 998ರ ವ್ಯಾಗನ್ ಆರ್, ಅದೂ ಕೆಎ 16 (ಚಿತ್ರದುರ್ಗ) ಅಥವಾ 17ರ (ದಾವಣಗೆರೆ) ಒಂದೇ ಕೈಯಲ್ಲಿ ಓಡಿದ್ದು.