ಸ್ಟೇರಿಂಗ್ ಬಾಕ್ಸಿನ ಆ ಸ್ಕ್ರೂ ಮುಟ್ಟಲು ಬಿಡಬೇಡಿ

ಚೌತಿಯ ಹಿಂದಿನ ದಿನ ಬೆಳಿಗ್ಗೆ ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ ನನ್ನ ಪಿಕಪ್‌ನ ಸ್ಟೇರಿಂಗ್ ಬಲಕ್ಕೆ ತಿರುಗಿದ್ದು ಅಲ್ಲಿಯೇ ನಿಂತುಬಿಟ್ಟಿತು. ಹಿಂದೆ 80 ಬಾಳೆಗೊನೆ, ಪಕ್ಕದ ಸೀಟಿನಲ್ಲಿ ಅಕ್ಕನ ಮಗ, ಎದುರಿಗೆ ಕುಮಟಾ ಕಡೆಯಿಂದ ಹತ್ತಿ ಬರುತ್ತಿದ್ದ ಬಸ್ಸು. ತಿರುವು ಮುಗಿಯುತ್ತಿದ್ದಂತೆ ಕೈ ಸಡಿಲಿಸಿದರೆ ಸ್ಟೇರಿಂಗ್ ತಾನಾಗಿಯೇ ನೇರಕ್ಕೆ ಬರಬೇಕು. ಇಷ್ಟು ವರ್ಷ ಬಂದಿತ್ತು. ಅಂದು ಬರಲಿಲ್ಲ. ಗಾಡಿ ಬಸ್ಸಿನ ಕಡೆಗೇ ಎಳೆಯುತ್ತಿತ್ತು. ಎರಡೂ ಕೈಯಿಂದ ಜಗ್ಗಿದಾಗ ಒಮ್ಮೆಲೇ ಬಿಟ್ಟುಕೊಂಡು ಎಡಕ್ಕೆ ಹಾರಿತು. ಮುಂದಿನ ಎಡಚಕ್ರ ಗುಡ್ಡದ ಬದಿಯ ಗಟಾರಕ್ಕೆ ಬಿದ್ದು ಗಾಡಿ ನಿಂತಿತು. ಎಡಗಡೆ ಗುಡ್ಡವಿತ್ತು, ಕಣಿವೆ ಇರಲಿಲ್ಲ. ನಾವಿಬ್ಬರೂ ಬದುಕಿದ್ದು ಅದರಿಂದ.

ಇದು ಘಟ್ಟದ ತಪ್ಪಲ್ಲ, ಮಳೆಯ ತಪ್ಪೂ ಅಲ್ಲ. ನಾಲ್ಕು ದಿನ ಮೊದಲು ಶಿರಸಿಯ ಒಂದು ಗ್ಯಾರೇಜಿನಲ್ಲಿ ಹತ್ತು ನಿಮಿಷದಲ್ಲಿ ಮುಗಿದ ರಿಪೇರಿಯ ಫಲ. ಆ ಗ್ಯಾರೇಜಿನ ಹೆಸರು ಬರೆಯುವುದಿಲ್ಲ, ಏಕೆಂದರೆ ಇದೇ ಕೆಲಸವನ್ನು ಇದೇ ರೀತಿ ಮಾಡುವವರು ಎಲ್ಲ ಊರಿನಲ್ಲೂ ಇದ್ದಾರೆ.

ನನ್ನದು 18 ವರ್ಷದ ಗಾಡಿ. ಪವರ್ ಸ್ಟೇರಿಂಗ್ ಇಲ್ಲ, ಮುಂದೆಯೂ ಕಮಾನು ಪಟ್ಟಿಯೇ. ಮಳೆಗಾಲ ಶುರುವಾದಾಗಿನಿಂದ ಅದು ರಸ್ತೆಯಲ್ಲಿ ಅಲೆಯತೊಡಗಿತ್ತು. ನೇರ ರಸ್ತೆಯಲ್ಲೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಕೈ ಸುಮ್ಮನಿರುವಂತಿಲ್ಲ. ದಿವಗಿ ದಾಟಿ ಹೆದ್ದಾರಿಗೆ ಸೇರಿದ ಮೇಲೆ ಲಾರಿಯೊಂದು ಪಕ್ಕದಲ್ಲಿ ಹಾದುಹೋದರೆ ಗಾಡಿ ಅರ್ಧ ಮಾರು ಸರಿಯುತ್ತಿತ್ತು. ಸ್ಟೇರಿಂಗ್ ನಾಲ್ಕು ಬೆರಳಿನಷ್ಟು ತಿರುಗಿದರೂ ಚಕ್ರ ಅಲುಗುತ್ತಿರಲಿಲ್ಲ. ಮೊದಲು ಅಲೈನ್‌ಮೆಂಟ್, ಅಂದರೆ ಚಕ್ರಗಳ ಓರೆಕೋನ ಹೊಂದಿಸುವ ಕೆಲಸ, ಮಾಡಿಸಿದೆ. ಎರಡು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿದೆ. ಎರಡು ಸಲವೂ ಹಣ ಹೋಯಿತು, ಅಲೆದಾಟ ಹೋಗಲಿಲ್ಲ. ಸ್ಟೇರಿಂಗಿನ ಕಂಬಿಗಳನ್ನು ಜೋಡಿಸುವ ಜಾಯಿಂಟುಗಳು ಸವೆದಿದ್ದರೆ ನಿಂತ ಗಾಡಿಯಲ್ಲಿ ಹೊಂದಿಸಿದ ಅಳತೆ ಓಡುವಾಗ ಉಳಿಯುವುದೇ ಇಲ್ಲ. ಅಲೈನ್‌ಮೆಂಟ್ ಮಾಡುವವನು ಮೊದಲು ಜಾಯಿಂಟ್ ಅಲುಗಿಸಿ ನೋಡಬೇಕು. ನೋಡದೆ ಮಾಡಿದರೆ ಅದು ಬರೀ ಬಿಲ್ಲು.

ಆಮೇಲೆ ಆ ಗ್ಯಾರೇಜಿಗೆ ಹೋದೆ. ಹುಡುಗ ಬಾನೆಟ್ ಎತ್ತಿದ, ಸ್ಟೇರಿಂಗ್ ಹಿಡಿದು ಅಲುಗಿಸಿದ, "ಬಾಕ್ಸಿನಲ್ಲಿ ಪ್ಲೇ ಬಂದಿದೆ ಅಣ್ಣ, ಈಗಲೇ ತೆಗೆದು ಕೊಡುತ್ತೇನೆ" ಎಂದ. ಪ್ಲೇ ಎಂದರೆ ಸಡಿಲ. ಗಾಡಿಯ ಕೆಳಗೆ ಬಗ್ಗಿಯೂ ನೋಡಲಿಲ್ಲ. ನಾವು ತಿರುಗಿಸಿದ್ದನ್ನು ಹಲ್ಲುಗಳ ಮೂಲಕ ಚಕ್ರದ ಕಡೆಗೆ ದಾಟಿಸುವ ಪೆಟ್ಟಿಗೆಯೇ ಸ್ಟೇರಿಂಗ್ ಬಾಕ್ಸ್. ಅದರ ಮುಚ್ಚಳದ ಮೇಲೆ ಒಂದು ಸ್ಕ್ರೂ ಇರುತ್ತದೆ, ಅದರ ಮೇಲೆ ಲಾಕ್ ನಟ್. ನಟ್ ಸಡಿಲಿಸಿ ಸ್ಕ್ರೂವನ್ನು ಬಿಗಿಯಾಗುವವರೆಗೆ ತಿರುಗಿಸಿ ನಟ್ ಬಿಗಿದ. 300 ರೂಪಾಯಿ. ಸ್ಟೇರಿಂಗ್ ಗಟ್ಟಿಯಾಯಿತು, ಸಡಿಲ ಬಹುಪಾಲು ಹೋದಂತೆ ಕಂಡಿತು. ಮನೆಗೆ ಬರುವಾಗ ತಿರುವುಗಳಲ್ಲಿ ಸ್ಟೇರಿಂಗ್ ಹಿಂದೆ ಬರಲು ತಡವಾಗುತ್ತಿರುವುದು ಕೈಗೆ ತಿಳಿಯಿತು. ಹೊಸದಾಗಿ ಬಿಗಿದಿದ್ದಲ್ಲವೇ, ಓಡುತ್ತ ಸರಿಯಾಗುತ್ತದೆ ಎಂದುಕೊಂಡೆ. ಅದು ನನ್ನ ತಪ್ಪು. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರವಾಗದಿದ್ದರೆ ಆ ಗಾಡಿಯನ್ನು ಅಲ್ಲಿಂದ ಮುಂದೆ ಓಡಿಸಬೇಡಿ. ಘಟ್ಟಕ್ಕಂತೂ ಖಂಡಿತ ಇಳಿಸಬೇಡಿ.

ಗಟಾರದಿಂದ ಗಾಡಿ ಎತ್ತಲು ಬಸ್ಸಿನವರೇ ನೆರವಾದರು. ಟೋ ಮಾಡಿಸಿಕೊಂಡು ಕುಮಟಾಕ್ಕೆ ಇಳಿದು, ಲಾರಿ ಕೆಲಸ ಮಾಡುವ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಹಬ್ಬ ಮುಗಿಸಿ ಕೈಹಾಕಿದರು. ಮೊದಲು ಬಾನೆಟ್ ಎತ್ತಲಿಲ್ಲ. ಗೋಣಿಚೀಲ ಹಾಸಿ, "ತಮ್ಮ, ನೀನೂ ಕೆಳಗೆ ಬಾ" ಎಂದರು. ಅಕ್ಕನ ಮಗನನ್ನು ಸೀಟಿನಲ್ಲಿ ಕೂರಿಸಿ ಸ್ಟೇರಿಂಗನ್ನು ಗಡಿಯಾರದ ಲೋಲಕದಂತೆ ಸ್ವಲ್ಪವೇ ಆಚೆ ಈಚೆ ಆಡಿಸಲು ಹೇಳಿದರು. ನನ್ನ ಅಂಗೈಯನ್ನು, ಬಾಕ್ಸಿನ ಚಲನೆಯನ್ನು ಚಕ್ರದ ಕಡೆಗೆ ಒಯ್ಯುವ ಕಂಬಿಯಾದ ಡ್ರ್ಯಾಗ್ ಲಿಂಕಿನ ತುದಿಯ ಬಾಲ್ ಜಾಯಿಂಟಿನ ಮೇಲೆ ಇಡಿಸಿದರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕೈಗೆ ಮಾತ್ರ ಟಕ್, ಟಕ್ ಎಂದು ಪ್ರತಿ ಸಲವೂ ಬಡಿಯುತ್ತಿತ್ತು. ಬಾಕ್ಸಿನಿಂದ ಇಳಿದು ಬಂದ ಡ್ರಾಪ್ ಆರ್ಮ್ ಎಂಬ ತೋಳು ಅಲುಗುತ್ತಿದೆ, ಡ್ರ್ಯಾಗ್ ಲಿಂಕ್ ಅರೆಗಳಿಗೆ ತಡೆದು ಹೊರಡುತ್ತಿದೆ. ಚಲನೆ ಕಳೆದುಹೋಗುತ್ತಿದ್ದದ್ದು ಅಲ್ಲಿ. ಜಾಯಿಂಟಿನ ರಬ್ಬರ್ ಟೋಪಿ ಹರಿದಿತ್ತು. ಅವರು ಅದನ್ನು ಹಿಂಡಿದಾಗ ಗ್ರೀಸ್ ಬರಲಿಲ್ಲ. ಇಟ್ಟಿಗೆ ಬಣ್ಣದ ತುಕ್ಕುನೀರು ಅವರ ಮಣಿಕಟ್ಟಿನವರೆಗೆ ಇಳಿಯಿತು. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈರಾಡಿನ ಎರಡು ತುದಿಗಳಲ್ಲಿ ಒಂದರದ್ದೂ ಇದೇ ಕಥೆ. ನಮ್ಮ ಮಳೆಯಲ್ಲಿ, ಕಡಲ ಬದಿಯ ಉಪ್ಪುಗಾಳಿಯಲ್ಲಿ ರಬ್ಬರ್ ಒಮ್ಮೆ ಹರಿದರೆ ಆ ಜಾಯಿಂಟ್ ಹೆಚ್ಚು ದಿನ ಬಾಳುವುದಿಲ್ಲ.

ಆಮೇಲೆ ಮುಂದಿನ ಆಕ್ಸಲ್ ಜಾಕಿಯಲ್ಲಿ ಎತ್ತಿ, ಚಕ್ರದ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲುಗಿಸಿದರು. ಆಟ ಇತ್ತು. ಹುಡುಗನಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಿಸಿದರು. ಆಟ ನಿಂತಿತು. ಬ್ರೇಕ್ ಒತ್ತಿದಾಗ ನಿಂತರೆ ಚಕ್ರದ ಬೇರಿಂಗ್, ಒತ್ತಿದರೂ ನಿಲ್ಲದಿದ್ದರೆ ಚಕ್ರ ಎಡಬಲಕ್ಕೆ ತಿರುಗುವ ಅಚ್ಚಾದ ಕಿಂಗ್ ಪಿನ್. ಇಷ್ಟು ಸರಳವಾದ ಪರೀಕ್ಷೆಯನ್ನು 18 ವರ್ಷದಲ್ಲಿ ಯಾರೂ ನನಗೆ ತೋರಿಸಿರಲಿಲ್ಲ. ನೀವು ನಿಮ್ಮ ಅಂಗಳದಲ್ಲೇ ಮಾಡಿ ನೋಡಬಹುದು; ಸಮತಟ್ಟಾದ ಜಾಗವಿರಲಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಬರೀ ಜಾಕಿಯನ್ನು ನಂಬಿ ಕೆಳಗೆ ನುಸುಳಬೇಡಿ.

ಅವರು ಇನ್ನೊಂದು ಪ್ರಶ್ನೆ ಕೇಳಿದರು: ಮುಂದಿನ ಕಮಾನು ಪಟ್ಟಿಯನ್ನು ಇತ್ತೀಚೆಗೆ ಬಿಚ್ಚಿಸಿದ್ದೀಯಾ? ಬಿಚ್ಚಿಸಿದ್ದೆ, ಬೇಸಿಗೆಯಲ್ಲಿ. ಪಟ್ಟಿಗೂ ಆಕ್ಸಲ್‌ಗೂ ನಡುವೆ ಬೆಣೆಯಂಥ ಓರೆ ತುಂಡು ಇರುತ್ತದೆ. ಆ ಓರೆಯಿಂದಲೇ ಕಿಂಗ್ ಪಿನ್ ಸ್ವಲ್ಪ ಹಿಂದಕ್ಕೆ ವಾಲಿ, ಚಕ್ರ ನೇರ ಓಡಲು ಬಯಸುತ್ತದೆ. ಉಲ್ಟಾ ಕೂರಿಸಿದರೆ ಎಷ್ಟು ಹೊಸ ಸಾಮಾನು ಹಾಕಿದರೂ ಗಾಡಿ ಅಲೆಯುತ್ತದೆ. ನನ್ನದರಲ್ಲಿ ಅದು ಸರಿಯಿತ್ತು, ಆದರೆ ಪಟ್ಟಿಯನ್ನು ಆಕ್ಸಲ್‌ಗೆ ಬಿಗಿಯುವ ಒಂದು ಯು ಬೋಲ್ಟ್ ಸಡಿಲವಾಗಿತ್ತು.

ಕೊನೆಗೆ ಬಾಕ್ಸ್ ಬಿಚ್ಚಿದರು. ಬಾಕ್ಸಿನ ಒಳಗೆ ಹಲ್ಲುಗಳು ಸಮನಾಗಿ ಸವೆಯುವುದಿಲ್ಲ ಎಂದು ಅವರು ಬೆರಳಿಟ್ಟು ತೋರಿಸಿದರು. ಗಾಡಿ ಹೆಚ್ಚು ಕಾಲ ಓಡುವುದು ನೇರವಾಗಿ. ಆದ್ದರಿಂದ ನಡುವಿನ ಹಲ್ಲು ಸವೆದಿರುತ್ತದೆ, ಆಚೀಚಿನವು ಹೊಸದರಂತೆಯೇ ಇರುತ್ತವೆ. ನಡುವಿನ ಸಡಿಲ ಕಳೆಯುವವರೆಗೆ ಸ್ಕ್ರೂ ಬಿಗಿದರೆ ತಿರುಗಿದಾಗ ಆಚೀಚಿನ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ನೇರ ರಸ್ತೆಯಲ್ಲಿ ಚೆನ್ನಾಗಿದೆ ಅನಿಸುತ್ತದೆ, ಪೂರ್ತಿ ತಿರುಗಿಸಬೇಕಾದಲ್ಲಿ ಹಿಡಿಯುತ್ತದೆ. ಘಟ್ಟದಲ್ಲಿ ಪೂರ್ತಿ ತಿರುಗಿಸದೆ ಇಳಿಯುವುದು ಹೇಗೆ? ನನ್ನ ಬಾಕ್ಸಿನಲ್ಲಿ ಸಣ್ಣ ಉಕ್ಕಿನ ಗುಂಡುಗಳು ಓಡುವ ಹಾದಿಯಲ್ಲಿ ಗುಳಿ ಬಿದ್ದಿತ್ತು. ಅದನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಆ ಸ್ಕ್ರೂ ಇರುವುದು ಹೊಂದಿಸುವುದಕ್ಕೇ, ನಿಜ. ಆದರೆ ಟೈರಿನ ಗಾಳಿ, ಬೇರಿಂಗ್, ಟೈರಾಡ್, ಡ್ರ್ಯಾಗ್ ಲಿಂಕ್, ಕಿಂಗ್ ಪಿನ್, ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳು, ಇಷ್ಟನ್ನೂ ನೋಡಿ ಮುಗಿದ ಮೇಲೆ, ಡ್ರ್ಯಾಗ್ ಲಿಂಕ್ ಕಳಚಿಟ್ಟು, ಸ್ಟೇರಿಂಗ್ ಈ ಕೊನೆಯಿಂದ ಆ ಕೊನೆಯವರೆಗೆ ಎಲ್ಲೂ ತಡೆಯದೆ ತಿರುಗುತ್ತದೆಯೇ ಎಂದು ಕೈಯಿಂದಲೇ ಅಳೆಯುತ್ತ, ಕೂದಲೆಳೆಯಷ್ಟು ತಿರುಗಿಸಬೇಕು. ಇಂಥ ಹಳೆಯ ಬಾಕ್ಸಿನಲ್ಲಿ ಸ್ವಲ್ಪ ಸಡಿಲ ಉಳಿದೇ ಉಳಿಯುತ್ತದೆ, ಅದನ್ನು ಸೊನ್ನೆ ಮಾಡಿಕೊಡುತ್ತೇನೆ ಎನ್ನುವವನ ಕೈಗೆ ಗಾಡಿ ಕೊಡಬೇಡ ಎಂದರು ಆ ಹಿರಿಯರು.

ಇನ್ನೆರಡು ವಿಷಯ ಅವರ ಕೆಲಸ ನೋಡುತ್ತ ಕಲಿತೆ. ಜಾಯಿಂಟಿನ ನಟ್ ಬಿಗಿದ ಮೇಲೆ, ಅದು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ನಟ್ಟನ್ನು ಹಿಂದೆ ತಿರುಗಿಸಬಾರದು, ಇನ್ನಷ್ಟು ಬಿಗಿದೇ ಹೊಂದಿಸಬೇಕು. ಪಿನ್ ಪ್ರತಿ ಸಲವೂ ಹೊಸದೇ ಆಗಬೇಕು. ಮತ್ತೆ, ಸ್ಟೇರಿಂಗಿನ ಯಾವ ಕಬ್ಬಿಣಕ್ಕೂ ವೆಲ್ಡಿಂಗ್ ಮಾಡಿಸಬೇಡಿ, ಕಾಯಿಸಿ ಬೆಂಡು ತೆಗೆಸಬೇಡಿ. ಸವೆದ ಬಾಲ್ ಜಾಯಿಂಟನ್ನು ಸುತ್ತಿಗೆಯಿಂದ ಬಡಿದು "ಟೈಟ್" ಮಾಡಿಕೊಡುವವರೂ ಇದ್ದಾರೆ. ಅದು ಓಡುವಾಗ ಕಳಚಿಕೊಂಡರೆ ಕೈಯಲ್ಲಿ ಸ್ಟೇರಿಂಗ್ ಇರುತ್ತದೆ, ಚಕ್ರ ಮಾತ್ರ ನಮ್ಮ ಮಾತು ಕೇಳುವುದಿಲ್ಲ.

ಮೊದಲೇ ಮಾಡಿಸಿದ್ದರೆ ಜಾಯಿಂಟು, ಬೇರಿಂಗು, ಒಂದು ದಿನದ ಕೂಲಿಯಲ್ಲಿ ಮುಗಿಯುತ್ತಿತ್ತು. ಈಗ ಅದರ ಮೇಲೆ ಒಂದು ಬಾಕ್ಸ್, ಬಂಪರ್, ಹಬ್ಬದ ಮುನ್ನಾದಿನ ಮಾರಾಟವಾಗಬೇಕಿದ್ದ ಬಾಳೆ. ಅಕ್ಕನಿಗೆ ಈ ವಿಷಯ ಪೂರ್ತಿಯಾಗಿ ಇನ್ನೂ ಹೇಳಿಲ್ಲ. ಹುಡುಗ ಎರಡು ತಿಂಗಳು ನನ್ನ ಪಕ್ಕದಲ್ಲಿ ಕೂರಲಿಲ್ಲ.

ಎಲ್ಲ ಹೊಂದಿಸಿದ ಮೇಲೆ ಅವರು ಸಣ್ಣ ಕುಂಚದಿಂದ ಹೊಸ ಬಾಕ್ಸಿನ ಮುಚ್ಚಳ, ಲಾಕ್ ನಟ್, ಸ್ಕ್ರೂ ಮೂರರ ಮೇಲೂ ಹಾಯುವಂತೆ ಹಳದಿ ಬಣ್ಣದ ಒಂದೇ ಗೆರೆ ಎಳೆದು ಕೊಟ್ಟರು. ಈಗ ಗಾಡಿಯನ್ನು ಯಾವ ಗ್ಯಾರೇಜಿನಲ್ಲಿ ಬಿಟ್ಟು ಬಂದರೂ, ಹಣ ಕೊಡುವ ಮೊದಲು ಬಾನೆಟ್ ಎತ್ತಿ ಆ ಗೆರೆ ಎಲ್ಲೂ ತುಂಡಾಗಿಲ್ಲವೇ ಎಂದು ನೋಡುತ್ತೇನೆ.